ಹಿಮ್ಮಡಿ ಹಿಂದಿನ ನೋವಿಗೆ ರೆಸ್ಟ್ ಒಂದೇ ಸಾಕಾಗಲ್ಲ

ಓದುಗರ ಪ್ರಶ್ನೆ, ಫಿಸಿಯೋಥೆರಪಿಸ್ಟ್ ಉತ್ತರ

ಈ ಸಲ ಬಂದ ಪತ್ರ, ಮೆಸೇಜ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಮ್ಮಡಿ ಹಿಂದಿನ ನೋವಿನದ್ದೇ. ಏಪ್ರಿಲ್ ಬೇಸಿಗೆಯ ಕೊಡವ ಮನೆತನಗಳ ಹಾಕಿ ಟೂರ್ನಿ ಮುಗಿದು, ಅದರ ಬೆನ್ನಿಗೇ ಮಳೆ ಹಿಡಿದು, ಎಲ್ಲರೂ ಗಂಬೂಟು ಹಾಕ್ಕೊಂಡು ತೋಟದ ಏರು ಹತ್ತಿ ಇಳಿಯೋಕೆ ಶುರು ಮಾಡಿದಾಗ ನಮ್ಮ ಕೊಡಗಲ್ಲಿ ಈ ನೋವಿನೋರು ಜಾಸ್ತಿ ಬರ್ತಾರೆ. ಅದಕ್ಕೆ ಬೆನ್ನು, ಮಂಡಿ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಅಕಿಲಿಸ್ ಟೆಂಡನ್, ಅಂದ್ರೆ ಮೀನಖಂಡವನ್ನ ಹಿಮ್ಮಡಿ ಮೂಳೆಗೆ ಕಟ್ಟೋ ದಪ್ಪ ನಾರಿನ ಬಗ್ಗೆ ಮಾತ್ರ ಬರೀತಿದ್ದೀನಿ. ಪತ್ರಗಳನ್ನ ಚಿಕ್ಕದು ಮಾಡಿದ್ದೀನಿ, ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಹೋದ ವಾರ ಸೌದೆ ಹೊತ್ಕೊಂಡು ಏರು ಹತ್ತುವಾಗ ಹಿಂದಿಂದ ಯಾರೋ ಕಾಲಿಗೆ ಕಲ್ಲು ಹೊಡೆದ ಹಾಗಾಯ್ತು, ಟಪ್ ಅಂತ ಸದ್ದೂ ಬಂತು, ತಿರುಗಿ ನೋಡಿದ್ರೆ ಯಾರೂ ಇಲ್ಲ. ಈಗ ನೋವು ಕಮ್ಮಿ ಉಂಟು, ಆದ್ರೆ ಆ ಕಾಲಲ್ಲಿ ತುದಿಗಾಲ ಮೇಲೆ ನಿಲ್ಲೋಕೆ ಆಗ್ತಿಲ್ಲ. ಉಳುಕು ಅಂತ ಎಣ್ಣೆ ಹಾಕಿ ತಿಕ್ತಾ ಇದ್ದೀವಿ. ಯಾವ ಎಕ್ಸರ್‌ಸೈಜ್ ಮಾಡ್ಲಿ?
ಸಿದ್ದಾಪುರ ಹತ್ತಿರದ ಓದುಗರು

ಉತ್ತರ: ಅಕ್ಕ, ಈಗ ಯಾವ ಎಕ್ಸರ್‌ಸೈಜೂ ಬೇಡ, ತಿಕ್ಕೋದೂ ಬೇಡ. ನಿಮ್ಮ ಪತ್ರ ಓದಿದ ತಕ್ಷಣ ನಿಮಗೆ ಫೋನ್ ಮಾಡಿ ಇದನ್ನೇ ಹೇಳಿದ್ದೆ, ಇಲ್ಲಿ ಯಾಕೆ ಬರೀತಿದ್ದೀನಿ ಅಂದ್ರೆ ಇದನ್ನ ಎಲ್ಲರೂ ಓದ್ಬೇಕು. ಹಿಂದಿಂದ ಹೊಡೆದ ಹಾಗಾಗೋದು, ಸದ್ದು ಬರೋದು, ಆಮೇಲೆ ಆ ಕಾಲಲ್ಲಿ ಹಿಮ್ಮಡಿ ಎತ್ತೋಕಾಗದೇ ಇರೋದು, ಈ ಮೂರೂ ಸೇರಿದ್ರೆ ಟೆಂಡನ್ ಹರಿದಿದೆ ಅಂತಲೇ ಅಂದ್ಕೊಂಡು ಅವತ್ತೇ ಮೂಳೆ ಡಾಕ್ಟ್ರ ಹತ್ರ ಹೋಗ್ಬೇಕು. ನೋವು ಕಮ್ಮಿ ಆಗಿದೆ ಅನ್ನೋದು ಧೈರ್ಯ ಪಡೋ ವಿಷಯ ಅಲ್ಲ, ಪೂರ್ತಿ ಹರಿದ ಟೆಂಡನ್ ಎಷ್ಟೋ ಸಲ ಜಾಸ್ತಿ ನೋಯಲ್ಲ, ಪಾದವನ್ನ ಕೆಳಗೆ ಒತ್ತೋಕೆ ಬೇರೆ ಸಣ್ಣ ಮಾಂಸಖಂಡಗಳೂ ಇರೋದ್ರಿಂದ ಹೇಗೋ ಕುಂಟಿಕೊಂಡು ನಡಿಯೋಕೂ ಆಗತ್ತೆ, ಅದಕ್ಕೇ ಉಳುಕು ಅಂತ ವಾರಗಟ್ಟಲೆ ಸುಮ್ಮನಿದ್ದುಬಿಡ್ತಾರೆ. ಡಾಕ್ಟ್ರು ನಿಮ್ಮನ್ನ ಬೋರಲು ಮಲಗಿಸಿ ಮೀನಖಂಡ ಹಿಂಡಿ ನೋಡ್ತಾರೆ, ಟೆಂಡನ್ ಸರಿ ಇದ್ರೆ ಹಿಂಡಿದಾಗ ಪಾದ ತಾನಾಗೇ ಕೆಳಗೆ ಬಾಗತ್ತೆ, ಹರಿದಿದ್ರೆ ಅಲ್ಲಾಡಲ್ಲ. ಬೇಕಾದ್ರೆ ಸ್ಕ್ಯಾನ್ ಮಾಡಿಸ್ತಾರೆ. ಆಪರೇಷನ್ನಾ, ಪ್ಲಾಸ್ಟರ್ ಅಥವಾ ಪಾದ ಅಲ್ಲಾಡದ ಹಾಗೆ ಹಿಡಿಯೋ ಬೂಟಾ ಅನ್ನೋದು ಅವರ ತೀರ್ಮಾನ, ಎರಡರಲ್ಲೂ ವಾಸಿ ಆಗೋರಿದ್ದಾರೆ, ಆದ್ರೆ ತಡ ಮಾಡಿದಷ್ಟೂ ಕಷ್ಟ. ಎಕ್ಸರ್‌ಸೈಜ್ ಮಾತು ಅದಾದ ಮೇಲೆ.

ಪ್ರಶ್ನೆ: ನನಗೆ 34. ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂತು ಮಾಡೋ ಕೆಲಸ, ವರ್ಷಕ್ಕೊಂದು ಸಲ ಊರಿಗೆ ಬಂದು ನಮ್ಮ ಮನೆತನದ ಟೀಮಲ್ಲಿ ಹಾಕಿ ಆಡ್ತೀನಿ. ಈ ಸಲ ಮ್ಯಾಚ್ ಮುಗಿದ ಮೇಲೆ ಬಲಗಾಲಲ್ಲಿ ಹಿಮ್ಮಡಿಯಿಂದ ಮೂರ್ನಾಲ್ಕು ಬೆರಳು ಮೇಲೆ ನೋವು, ಮುಟ್ಟಿದ್ರೆ ಗಂಟು ಕಟ್ಟಿದ ಹಾಗಿದೆ. ಬೆಳಿಗ್ಗೆ ಎದ್ದ ತಕ್ಷಣ ಕಾಲು ಊರೋಕಾಗಲ್ಲ, ಸ್ವಲ್ಪ ಓಡಾಡಿದ್ರೆ ಬಿಟ್ಟುಕೊಳ್ಳತ್ತೆ. ಪೂರ್ತಿ ರೆಸ್ಟ್ ಮಾಡಿದೆ, ಹೋಯ್ತು. ಒಂದು ದಿನ ಓಡಿದೆ, ವಾಪಸ್ ಬಂತು. ಸ್ವೀಡನ್ ಎಕ್ಸರ್‌ಸೈಜ್ ಅಂತ ಒಂದಿದೆ, ದಿನಕ್ಕೆ 180 ಸಲ ಮಾಡ್ಬೇಕು ಅಂತ ಫ್ರೆಂಡ್ ಹೇಳ್ತಾನೆ. ನಿಜನಾ? ಮುಂದಿನ ವರ್ಷ ಆಡ್ಬಹುದಾ?
ಗೋಣಿಕೊಪ್ಪಲು

ಉತ್ತರ: ಆಡ್ಬಹುದು, ಮುಂದಿನ ಏಪ್ರಿಲ್‌ಗೆ ಬೇಕಾದಷ್ಟು ಟೈಮ್ ಇದೆ, ಆದ್ರೆ ಈಗಲೇ ಶುರು ಮಾಡ್ಬೇಕು.

ಮೊದಲು ರೆಸ್ಟ್ ವಿಷಯ. ಮೀನಖಂಡದಲ್ಲಿ ಮುಖ್ಯವಾಗಿ ಎರಡು ಮಾಂಸಖಂಡ, ಹೊರಗೆ ಉಬ್ಬಿ ಕಾಣೋದು ಗ್ಯಾಸ್ಟ್ರೋಕ್ನೀಮಿಯಸ್, ಅದರ ಒಳಗಡೆ ಇರೋದು ಸೋಲಿಯಸ್, ಇವೆರಡೂ ಸೇರಿ ಹಿಮ್ಮಡಿ ಮೂಳೆಗೆ ಕಟ್ಟಿಕೊಳ್ಳೋದು ಅಕಿಲಿಸ್ ಟೆಂಡನ್ ಮೂಲಕ. ಮೈಯಲ್ಲಿರೋ ಟೆಂಡನ್‌ಗಳಲ್ಲೆಲ್ಲಾ ದಪ್ಪ, ಗಟ್ಟಿ ಇದೇ, ಯಾಕಂದ್ರೆ ಓಡುವಾಗ ಇದರ ಮೇಲೆ ನಮ್ಮ ತೂಕದ ಆರೇಳು ಪಟ್ಟು ಭಾರ ಬೀಳತ್ತೆ. ಭಾರ ಬಿದ್ದಷ್ಟು ದಿನ ಟೆಂಡನ್ ಗಟ್ಟಿ ಇರತ್ತೆ, ಭಾರ ತೆಗೆದ್ರೆ ಸಡಿಲ ಆಗ್ತಾ ಹೋಗತ್ತೆ. ನೀವು ವರ್ಷಪೂರ್ತಿ ಕುರ್ಚಿ ಮೇಲೆ ಕೂತು, ಏಪ್ರಿಲಲ್ಲಿ ಏಕ್‌ದಂ ಸ್ಪ್ರಿಂಟು, ಬಗ್ಗಿ ಡ್ರಿಬ್ಲಿಂಗು, ಥಟ್ ಅಂತ ತಿರುಗೋದು ಎಲ್ಲಾ ಒಟ್ಟಿಗೆ ಮಾಡಿದ್ರೆ ಅದು ತಡ್ಕೊಳ್ಳಲ್ಲ. ಕಾಫಿ ಗಿಡಕ್ಕೆ ವರ್ಷದ ಗೊಬ್ಬರ ಎಲ್ಲಾ ಒಂದೇ ದಿನ ಸುರಿದ ಹಾಗೆ ಅದು. ಆಮೇಲೆ ನೋವು ಬಂತು ಅಂತ ಪೂರ್ತಿ ರೆಸ್ಟ್ ಮಾಡಿದ್ರಿ, ನೋವು ಇಳೀತು, ಟೆಂಡನ್ ಇನ್ನೂ ಸ್ವಲ್ಪ ಸೋತಿತು, ಒಂದು ದಿನ ಓಡಿದ ಕೂಡಲೇ ಮತ್ತೆ ಮೊದಲಿನ ಜಾಗಕ್ಕೇ ಬಂದ್ರಿ. ಈ ಚಕ್ರದಲ್ಲಿ ವರ್ಷಗಟ್ಟಲೆ ಸುತ್ತೋರನ್ನ ನೋಡಿ ನನಗೆ ತುಂಬಾ ಬೇಜಾರಾಗತ್ತೆ, ಯಾಕಂದ್ರೆ ಇದು ಒಂದು ಮೆಟ್ಟಿಲು, ಒಂದು ಬ್ಯಾಗು ಇಟ್ಕೊಂಡು ಮನೇಲೇ ಸರಿ ಮಾಡ್ಕೊಳ್ಳೋಂಥ ತೊಂದರೆ.

ನಿಮ್ಮ ಫ್ರೆಂಡ್ ಹೇಳಿದ್ದು ನಿಜ. ಸ್ವೀಡನ್ ದೇಶದ ಮೂಳೆ ಡಾಕ್ಟ್ರು ಹೊಕಾನ್ ಆಲ್ಫ್ರೆಡ್ಸನ್ ಅಂತ, ಅವರೂ ಅವರ ಜೊತೆಯೋರೂ 1998ರಲ್ಲಿ ಪ್ರಕಟ ಮಾಡಿದ್ದು. ಆಪರೇಷನ್‌ಗೆ ಕಾಯ್ತಿದ್ದ 15 ಜನ ಓಟಗಾರರಿಗೆ 12 ವಾರ ಈ ಎಕ್ಸರ್‌ಸೈಜ್ ಮಾಡಿಸಿದ್ರು, ಎಲ್ಲರೂ ವಾಪಸ್ ಓಡೋಕೆ ಹೋದ್ರು. ಮಾಡೋದು ಹೀಗೆ: ಮೆಟ್ಟಿಲ ಅಂಚಲ್ಲಿ ಬರೀ ಮುಂಗಾಲು ಊರಿ ನಿಂತು, ಒಳ್ಳೆ ಕಾಲಿನ ಬಲದಲ್ಲಿ ತುದಿಗಾಲಿಗೆ ಏರಿ, ಭಾರವನ್ನ ನೋವಿರೋ ಕಾಲಿಗೆ ದಾಟಿಸಿ, ಆ ಒಂದೇ ಕಾಲಲ್ಲಿ ನಿಧಾನಕ್ಕೆ ಹಿಮ್ಮಡಿಯನ್ನ ಮೆಟ್ಟಿಲಿಗಿಂತ ಕೆಳಗಿನವರೆಗೂ ಇಳಿಸೋದು. ಮತ್ತೆ ಏರೋದು ಒಳ್ಳೆ ಕಾಲಿಂದಲೇ. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಂಡಿ ಸ್ವಲ್ಪ ಬಗ್ಗಿಸಿ 15ರಂತೆ ಮೂರು ಸಲ, ಇದು ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ಅಲ್ಲಿಗೆ 180. ನೋವು ಕಮ್ಮಿ ಆದ ಹಾಗೆ ಬೆನ್ನಿಗೆ ಬ್ಯಾಗ್ ಹಾಕಿ ಭಾರ ಜಾಸ್ತಿ ಮಾಡ್ತಾ ಹೋಗೋದು, ವಾರಕ್ಕೆ ಏಳೂ ದಿನ.

ಮಂಡಿ ಬಗ್ಗಿಸಿ ಮಾಡೋದನ್ನ ಎಷ್ಟೋ ಜನ ಬಿಟ್ಟುಬಿಡ್ತಾರೆ, ದಯವಿಟ್ಟು ಬಿಡಬೇಡಿ. ಮಂಡಿ ಬಗ್ಗಿದಾಗ ಕೆಲಸ ಹೆಚ್ಚು ಬೀಳೋದು ಒಳಗಿನ ಸೋಲಿಯಸ್‌ಗೆ, ಹಾಕಿ ಆಡೋರು ಅರ್ಧ ಟೈಮ್ ಮಂಡಿ ಬಗ್ಗಿಸಿಕೊಂಡೇ ಇರೋದು, ನಿಮಗೆ ಸೋಲಿಯಸ್ ಸೋತಿದ್ರೆ ಟೆಂಡನ್ ಯಾವತ್ತೂ ನೆಮ್ಮದಿಯಾಗಿರಲ್ಲ.

ಆದ್ರೆ ನಾನು ಎಲ್ಲರಿಗೂ 180ರ ಲೆಕ್ಕ ಕೊಡಲ್ಲ. ದಿನಾ ಎರಡು ಹೊತ್ತು ಮೂರು ತಿಂಗಳು ಮಾಡಿ ಅಂದ್ರೆ ಕೆಲಸಕ್ಕೆ ಹೋಗೋರು ಎರಡನೇ ವಾರಕ್ಕೇ ಕೈಬಿಡ್ತಾರೆ, ಕೈಬಿಟ್ಟ ಎಕ್ಸರ್‌ಸೈಜ್ ಎಷ್ಟು ಒಳ್ಳೇದಾದ್ರೂ ಏನು ಪ್ರಯೋಜನ. 2015ರಲ್ಲಿ ಡೆನ್ಮಾರ್ಕ್‌ನೋರು ಇದೇ ಸ್ವೀಡನ್ ಎಕ್ಸರ್‌ಸೈಜನ್ನೂ, ವಾರಕ್ಕೆ ಮೂರೇ ದಿನ ಜಾಸ್ತಿ ಭಾರ ಇಟ್ಟು ನಿಧಾನವಾಗಿ ಏರಿ ಇಳಿಯೋದನ್ನೂ ಹೋಲಿಸಿ ನೋಡಿದ್ರು, ಎರಡೂ ಒಂದೇ ಥರ ಫಲ ಕೊಟ್ಟವು. ನನ್ನ ಹತ್ರ ಬರೋರಲ್ಲಿ ಹೆಚ್ಚಿನೋರಿಗೆ ನಾನು ಹೇಳೋದು ಈ ಎರಡನೇದೇ, ನಿಮಗೂ ಅದನ್ನೇ ಹೇಳ್ತೀನಿ.

ಮೊದಲ ವಾರ ಹತ್ತು ದಿನ ಬರೀ ಹಿಡಿದು ನಿಲ್ಲೋದು. ಎರಡೂ ಕಾಲಲ್ಲಿ ಹಿಮ್ಮಡಿ ಎತ್ತಿ 30ರಿಂದ 45 ಸೆಕೆಂಡ್ ಹಾಗೇ ನಿಂತುಕೊಳ್ಳಿ, ಒಂದೆರಡು ನಿಮಿಷ ಬಿಟ್ಟು ಮತ್ತೆ, ಹೀಗೆ ಐದು ಸಲ. ಕೆಲವರಿಗೆ ಇದರಿಂದಲೇ ನೋವು ಸ್ವಲ್ಪ ಇಳಿಯತ್ತೆ. ಆಮೇಲೆ ಸಮ ನೆಲದಲ್ಲಿ ಎರಡೂ ಕಾಲಲ್ಲಿ, ಮೂರು ಎಣಿಸೋವರೆಗೆ ಮೇಲೆ, ಮೂರು ಎಣಿಸೋವರೆಗೆ ಕೆಳಗೆ, 15ರಂತೆ ಮೂರು ಸುತ್ತು, ಸುತ್ತಿನ ಮಧ್ಯೆ ಎರಡು ಮೂರು ನಿಮಿಷ ಬಿಡುವು, ದಿನ ಬಿಟ್ಟು ದಿನ. ನಿಧಾನ ಅನ್ನೋದು ಇಲ್ಲಿ ತುಂಬಾ ಮುಖ್ಯ, ಪಟಪಟ ಅಂತ ಮುಗಿಸಿದ್ರೆ ಟೆಂಡನ್‌ಗೆ ಬೇಕಾದ ಕೆಲಸ ಸಿಗಲ್ಲ. ಅದು ಸಲೀಸಾದ್ರೆ ಒಂದೇ ಕಾಲಲ್ಲಿ. ಅದೂ ಸಲೀಸಾದ್ರೆ ಮೆಟ್ಟಿಲ ಅಂಚಿಗೆ. ಆಮೇಲೆ ಬ್ಯಾಗಿಗೆ 5 ಕೆಜಿ ಅಕ್ಕಿ ಪ್ಯಾಕೆಟ್ ಹಾಕ್ಕೊಂಡು ಶುರು ಮಾಡಿ, ಭಾರ ಏರಿಸಿದ ಹಾಗೆ ಎಣಿಕೆ ಇಳಿಸಿ, 15 ಇದ್ದದ್ದು 12, ಆಮೇಲೆ 10, 8, ಕೊನೆ ವಾರಗಳಲ್ಲಿ 6. ಆರನೇದು ಎತ್ತುವಾಗ ಇನ್ನೊಂದು ಆಗಲ್ಲಪ್ಪ ಅನ್ನಿಸ್ಬೇಕು, ಅಷ್ಟು ಭಾರ ಇರ್ಬೇಕು. ಆ ಹೊತ್ತಿಗೆ ಬ್ಯಾಗಲ್ಲಿ 15, 20 ಕೆಜಿ ಬೇಕಾಗ್ಬಹುದು, ಜಿಮ್ ಹತ್ರ ಇದ್ರೆ ಅಲ್ಲೇ ಮಾಡೋದು ಸುಲಭ. ಐನ್‌ಮನೆ (ಮನೆತನದ ಹಿರಿಯರ ಮನೆ) ಹೊರಗಿನ ಕಲ್ಲು ಮೆಟ್ಟಿಲು ಈಗ ಪಾಚಿ ಕಟ್ಟಿ ಜಾರತ್ತೆ, ಒಳಗಡೆ ಮರದ ಮೆಟ್ಟಿಲಲ್ಲಿ ಕಂಬ ಹಿಡ್ಕೊಂಡು ಮಾಡಿ.

ನೋವು ಬಂದ್ರೆ ನಿಲ್ಲಿಸ್ಬೇಕಾ ಅಂತ ಎಲ್ಲರೂ ಕೇಳ್ತಾರೆ. ಬೇಕಿಲ್ಲ. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ನೀವೇ ಮಾರ್ಕ್ಸ್ ಕೊಡಿ, ಐದರ ಒಳಗಿದ್ರೆ ಮುಂದುವರಿಸಿ. ಆದ್ರೆ ಮಾರನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹತ್ತು ಹೆಜ್ಜೆ ಹೇಗಿದೆ ನೋಡಿ, ನಿನ್ನೆಯಷ್ಟೇ ಅಥವಾ ಕಮ್ಮಿ ಇದ್ರೆ ಭಾರ ಸರಿಯಾಗಿದೆ, ಜಾಸ್ತಿ ಆಗಿದ್ರೆ ಒಂದು ಹಂತ ಹಿಂದಕ್ಕೆ ಬನ್ನಿ. ವಾರದಿಂದ ವಾರಕ್ಕೆ ನೋವೂ ಬಿಗಿತವೂ ಏರ್ತಾ ಹೋಗ್ಬಾರದು. ಇದೂ ಸ್ವೀಡನ್‌ದೇ, ಸಿಲ್ಬರ್‌ನಾಗೆಲ್ ಅನ್ನೋ ಫಿಸಿಯೋಥೆರಪಿಸ್ಟ್ 2007ರಲ್ಲಿ ತೋರಿಸಿದ್ದು, ಈ ಅಳತೆ ಇಟ್ಕೊಂಡು ಎಕ್ಸರ್‌ಸೈಜ್ ಜೊತೆಗೆ ಓಡೋದು ಜಿಗಿಯೋದನ್ನ ಮುಂದುವರಿಸಿದೋರೂ, ಮೊದಲ ಆರು ವಾರ ಅದನ್ನ ನಿಲ್ಲಿಸಿದೋರೂ ಒಂದೇ ಥರ ವಾಸಿಯಾದ್ರು. ಹಾಗಾಗಿ ನೋವು ಅಂದ ಕೂಡಲೇ ಹೆದರಿ ಮಂಚ ಹತ್ತೋ ಅವಶ್ಯಕತೆ ಇಲ್ಲ.

ಮೂರು ತಿಂಗಳಿಗೆ ಮುಂಚೆ ಫಲ ಇಲ್ಲ ಅಂತ ತೀರ್ಮಾನ ಮಾಡ್ಬೇಡಿ, ಟೆಂಡನ್ ಮಾಂಸಖಂಡದಷ್ಟು ಬೇಗ ಬದಲಾಗಲ್ಲ, ಕೆಲವರಿಗೆ ಆರು ತಿಂಗಳೂ ಹಿಡಿಯತ್ತೆ. ಗಂಟು ಹಾಗೇ ಉಳೀಬಹುದು, ನೋವು ಹೋಗಿ ಬಲ ಬಂದಿದ್ರೆ ಗಂಟಿನ ಬಗ್ಗೆ ತಲೆ ಕೆಡಿಸ್ಕೋಬೇಡಿ. ಒಂದು ಕಾಲಲ್ಲಿ 20, 25 ಸಲ ಹಿಮ್ಮಡಿ ಎತ್ತೋಕೆ ಬಂದು, ಎರಡೂ ಕಾಲು ಹೆಚ್ಚುಕಮ್ಮಿ ಸಮ ಆದ್ಮೇಲೆ ಸ್ಕಿಪ್ಪಿಂಗ್, ಒಂಟಿಕಾಲ ಜಿಗಿತ ಶುರು ಮಾಡಿ, ಅದಾದ್ಮೇಲೆ ಒಂದು ನಿಮಿಷ ಓಟ ಒಂದು ನಿಮಿಷ ನಡಿಗೆ, ಕೊನೆಗೆ ಸ್ಪ್ರಿಂಟ್, ಆಮೇಲೆ ಸ್ಟಿಕ್. ಓಟ ಜಿಗಿತದ ದಿನಗಳ ಮಧ್ಯೆ ಒಂದು ದಿನ ಬಿಡುವು ಇರ್ಲಿ. ಟೂರ್ನಿ ಮುಗಿದ ಮೇಲೂ ವಾರಕ್ಕೆ ಎರಡು ದಿನ ಇದನ್ನ ಬಿಡಬೇಡಿ. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ನಮ್ಮ ಮನೆತನಗಳ ಹಾಕಿ ಟೂರ್ನಿಗೆ ಇವತ್ತು ಅಜ್ಜ ಮೊಮ್ಮಗ ಒಂದೇ ಟೀಮಲ್ಲಿ ಇಳಿಯೋದುಂಟು, ಅದು ನನಗೆ ತುಂಬಾ ಪ್ರೀತಿಯ ವಿಷಯ, ಆದ್ರೆ ಜನವರಿಯಿಂದಾದ್ರೂ ಕಾಲು ತಯಾರು ಮಾಡ್ಕೊಂಡು ಇಳೀರಿ ಅಂತ ಪ್ರತಿ ಟೀಮಿನ ಮ್ಯಾನೇಜರ್ ಹೇಳೋ ಹಾಗಾದ್ರೆ ಇಂಥ ಪತ್ರ ಎಷ್ಟೋ ಕಮ್ಮಿ ಆಗ್ತವೆ.

ಪ್ರಶ್ನೆ: ನನಗೆ 50. ಕಾಫಿ ತೋಟ, ಜೊತೆಗೆ ಕರಿಮೆಣಸು, ಆಳು ಸಿಗದೇ ಈ ಸಲ ಮೆಣಸು ನಾನೇ ಏಣಿ ಹತ್ತಿ ಕುಯ್ದೆ. ಆವಾಗಿಂದ ಹಿಮ್ಮಡಿ ಮೂಳೆ ಹಿಂದೆ, ಬೂಟು ತಾಗೋ ಜಾಗದಲ್ಲೇ ನೋವು. ವಿಡಿಯೋ ನೋಡಿ ಮೆಟ್ಟಿಲ ಅಂಚಲ್ಲಿ ಹಿಮ್ಮಡಿ ಇಳಿಸೋ ಎಕ್ಸರ್‌ಸೈಜ್ ಮಾಡಿದೆ, ಇನ್ನೂ ಜಾಸ್ತಿ ಆಯ್ತು. ಒಂದು ಇಂಜೆಕ್ಷನ್ ಹಾಕಿಸಿಕೊಂಡ್ರೆ ಸರಿ ಹೋಗತ್ತೆ ಅಂತಾರೆ.
ನಾಪೋಕ್ಲು

ಉತ್ತರ: ಅಣ್ಣ, ನಿಮ್ಮದು ಮೇಲಿನ ಪತ್ರದ ನೋವಲ್ಲ. ಅವರದ್ದು ಟೆಂಡನ್ ಮಧ್ಯಭಾಗದ್ದು, ಅಂದ್ರೆ ಮೂಳೆಯಿಂದ 2ರಿಂದ 6 ಸೆಂಟಿಮೀಟರ್ ಮೇಲೆ, ನಿಮ್ಮದು ಟೆಂಡನ್ ಮೂಳೆಗೆ ಅಂಟೋ ಜಾಗದ್ದು. ಹಿಮ್ಮಡಿ ಕೆಳಗೆ ಇಳಿದಾಗ ಅಲ್ಲಿ ಟೆಂಡನ್ ಮೂಳೆಗೆ ಒತ್ತಿಕೊಳ್ಳತ್ತೆ, ಅದೇ ಒತ್ತೋದೇ ನಿಮ್ಮ ನೋವಿಗೆ ಕಾರಣ. ಈಗ ಏಣಿ ಮೇಲೆ ನೀವು ಹೇಗೆ ನಿಲ್ತೀರ ನೆನಪು ಮಾಡ್ಕೊಳ್ಳಿ, ಮುಂಗಾಲು ಮಾತ್ರ ಮೆಟ್ಟಿಲ ಮೇಲೆ, ಹಿಮ್ಮಡಿ ಗಾಳಿಯಲ್ಲಿ ಕೆಳಗೆ ಜೋತು, ಹಾಗೇ ಗಂಟೆಗಟ್ಟಲೆ. ಏರು ಹತ್ತುವಾಗಲೂ ಅದೇ. ಅದರ ಮೇಲೆ ಗಂಬೂಟಿನ ಹಿಂಬದಿ ಉಜ್ಜತ್ತೆ. ಇಷ್ಟು ಸಾಲದು ಅಂತ ಎಕ್ಸರ್‌ಸೈಜಲ್ಲೂ ಹಿಮ್ಮಡಿ ಕೆಳಗಿಳಿಸಿದ್ರೆ ಜಾಸ್ತಿ ಆಗದೇ ಇನ್ನೇನಾಗತ್ತೆ.

ಎಕ್ಸರ್‌ಸೈಜ್ ಬಿಡೋದು ಬೇಡ, ಮೆಟ್ಟಿಲು ಬಿಡಿ. ಸಮ ನೆಲದಲ್ಲೇ ನಿಂತು ಮಾಡಿ, ಹಿಮ್ಮಡಿ ನೆಲಕ್ಕೆ ತಾಗಿದ್ರೆ ಅಲ್ಲಿಗೇ ನಿಲ್ಲಿಸಿ, ಅದಕ್ಕಿಂತ ಕೆಳಗೆ ಬೇಡ. ಮೊದಮೊದಲು ಹಿಮ್ಮಡಿ ಕೆಳಗೆ ಒಂದು ಇಂಚು ದಪ್ಪದ ಹಲಗೆ ತುಂಡು ಇಟ್ಕೊಂಡ್ರೂ ಒಳ್ಳೇದು. ಆಲ್ಫ್ರೆಡ್ಸನ್ ಅವರ ಗುಂಪೇ 2008ರಲ್ಲಿ ಹೀಗೆ ನೆಲಮಟ್ಟದವರೆಗೆ ಮಾತ್ರ ಇಳಿಸಿ 27 ಜನರಿಗೆ ಮಾಡಿಸಿ ನೋಡ್ತು, ಮೂರರಲ್ಲಿ ಎರಡು ಪಾಲು ಜನಕ್ಕೆ ಸಮಾಧಾನ ಆಯ್ತು, ಅದಕ್ಕೂ ಮುಂಚೆ ಪೂರ್ತಿ ಇಳಿಸಿ ಮಾಡಿದಾಗ ಮೂರರಲ್ಲಿ ಒಂದು ಪಾಲಿಗೆ ಮಾತ್ರ ಫಲ ಸಿಕ್ಕಿತ್ತು. ನಿಧಾನ, ದಿನ ಬಿಟ್ಟು ದಿನ, ಭಾರ ಏರಿಸೋದು, ಬೆಳಗಿನ ಮೊದಲ ಹತ್ತು ಹೆಜ್ಜೆ ನೋಡೋದು, ಇದೆಲ್ಲಾ ಮೇಲೆ ಬರೆದ ಹಾಗೇ. ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯೋ ಸ್ಟ್ರೆಚ್ ಮಾಡ್ತಿದ್ರೆ ಸದ್ಯಕ್ಕೆ ನಿಲ್ಲಿಸಿ, ಅದೂ ಅದೇ ಜಾಗವನ್ನ ಒತ್ತತ್ತೆ. ಎರಡೂ ಬೂಟಿನ ಒಳಗೆ ಹಿಮ್ಮಡಿ ಕೆಳಗೆ ಒಂದು ಸೆಂಟಿಮೀಟರ್ ಎತ್ತರದ ಪ್ಯಾಡ್ ಹಾಕಿ, ಮನೆಯೊಳಗೂ ಬರಿಗಾಲಲ್ಲಿ ಓಡಾಡದೆ ಹಿಮ್ಮಡಿ ಸ್ವಲ್ಪ ಎತ್ತರ ಇರೋ ಚಪ್ಪಲಿ ಹಾಕ್ಕೊಳ್ಳಿ. ಏಣಿ ಹತ್ತಲೇಬೇಕಾದ್ರೆ ಪಾದದ ಮಧ್ಯಭಾಗ ಮೆಟ್ಟಿಲ ಮೇಲೆ ಬರೋ ಹಾಗೆ ನಿಲ್ಲಿ, ಆಗಾಗ ಇಳೀರಿ.

ಇಂಜೆಕ್ಷನ್ ಅಂದ್ರೆ ಅವರು ಹೇಳ್ತಿರೋದು ಸ್ಟೀರಾಯ್ಡ್ ಇರ್ಬೇಕು. ಅಕಿಲಿಸ್ ಟೆಂಡನ್ ಒಳಗೆ ಸ್ಟೀರಾಯ್ಡ್ ಹಾಕಿದ್ರೆ ನೋವು ಕೆಲವು ವಾರ ಇಳಿದರೂ ಟೆಂಡನ್ ಸೋತು ಹರಿಯೋ ಅಪಾಯ ಇದೆ. ಮೂರು ತಿಂಗಳು ನಿಷ್ಠೆಯಿಂದ ಭಾರದ ಎಕ್ಸರ್‌ಸೈಜ್ ಮಾಡೋಕೆ ಮುಂಚೆ ಆ ಕಡೆ ಹೋಗ್ಬೇಡಿ ಅಂತ ಕೈಮುಗಿದು ಕೇಳ್ತೀನಿ. ಆಮೇಲೂ ಕಮ್ಮಿ ಆಗದಿದ್ರೆ ಮೂಳೆ ಡಾಕ್ಟ್ರ ಹತ್ರ ಕೂತು ಬೇರೆ ದಾರಿ ಮಾತಾಡಿ, ಶಾಕ್‌ವೇವ್ ಅಂತ ನೋವಿರೋ ಜಾಗಕ್ಕೆ ಹೊರಗಿಂದ ಒತ್ತಡದ ಅಲೆ ಕೊಡೋ ಒಂದು ಚಿಕಿತ್ಸೆ ಇದೆ, ಎಕ್ಸರ್‌ಸೈಜ್ ಜೊತೆಗೆ ಅದನ್ನ ಕೊಡೋದುಂಟು.

ಪ್ರಶ್ನೆ: ಮಾಜಿ ಸೈನಿಕ, 66 ವರ್ಷ, ಶುಗರ್ ಇದೆ. ದಿನಾ ವಾಕಿಂಗ್ ಮಾಡೋನು. ಮೂತ್ರದ ಇನ್ಫೆಕ್ಷನ್ ಅಂತ ಸಿಪ್ರೋಫ್ಲಾಕ್ಸಾಸಿನ್ ಮಾತ್ರೆ ತಗೊಂಡೆ, ನಾಲ್ಕೈದು ದಿನಕ್ಕೇ ಎರಡೂ ಹಿಮ್ಮಡಿ ಹಿಂದೆ ನೋವು ಶುರುವಾಯ್ತು. ಮಾತ್ರೆ ಇನ್ನೂ ಎರಡು ದಿನದ್ದು ಬಾಕಿ ಇದೆ. ವಾಕಿಂಗ್ ಜಾಸ್ತಿ ಮಾಡಿದ್ರೆ ಸರಿ ಹೋಗಬಹುದಾ?
ಸೋಮವಾರಪೇಟೆ

ಉತ್ತರ: ಸರ್, ಸದ್ಯ ವಾಕಿಂಗ್ ಜಾಸ್ತಿ ಮಾಡ್ಬೇಡಿ, ಮಾತ್ರೆ ಬರೆದುಕೊಟ್ಟ ಡಾಕ್ಟ್ರಿಗೆ ಇವತ್ತೇ ಫೋನ್ ಮಾಡಿ, ಮುಂದಿನ ಮಾತ್ರೆ ನುಂಗೋಕೆ ಮುಂಚೆನೇ. ಸಿಪ್ರೋಫ್ಲಾಕ್ಸಾಸಿನ್, ಲೀವೋಫ್ಲಾಕ್ಸಾಸಿನ್ ಈ ಗುಂಪಿನ ಆಂಟಿಬಯೋಟಿಕ್‌ಗಳು ಅಪರೂಪಕ್ಕೆ ಟೆಂಡನ್‌ಗೆ ಪೆಟ್ಟು ಕೊಡ್ತವೆ, ಅದರಲ್ಲೂ ಅಕಿಲಿಸ್‌ಗೇ ಜಾಸ್ತಿ, 60 ದಾಟಿದೋರಿಗೆ, ಜೊತೆಗೆ ಸ್ಟೀರಾಯ್ಡ್ ಮಾತ್ರೆ ತಗೊಳ್ಳೋರಿಗೆ, ಕಿಡ್ನಿ ತೊಂದರೆ ಇರೋರಿಗೆ ಅಪಾಯ ಹೆಚ್ಚು. ಮಾತ್ರೆ ಮುಗಿದು ಕೆಲವು ತಿಂಗಳಾದ ಮೇಲೂ ಆಗ್ಬಹುದು. ಇನ್ಫೆಕ್ಷನ್‌ಗೆ ಬೇರೆ ಔಷಧಿ ಕೊಡೋದು ಡಾಕ್ಟ್ರ ಕೆಲಸ, ನೀವೇ ಮಾತ್ರೆ ಬಿಟ್ಟು ಸುಮ್ಮನೆ ಕೂರಬೇಡಿ, ನುಂಗ್ತಾನೂ ಹೋಗ್ಬೇಡಿ, ಅವರ ಹತ್ರ ಮಾತಾಡಿ. ಅಲ್ಲಿವರೆಗೆ ಕಾಲಿಗೆ ಭಾರ ಕಮ್ಮಿ ಹಾಕಿ, ಏರು ಇಳಿಜಾರು ಬೇಡ, ಹಿಮ್ಮಡಿ ಪ್ಯಾಡ್ ಇಟ್ಕೊಳ್ಳಿ.

ಡಾಕ್ಟ್ರು ನೋಡಿ ಟೆಂಡನ್ ಹರಿದಿಲ್ಲ ಅಂತ ಹೇಳಿ, ನೋವು ಇಳಿಯೋಕೆ ಶುರುವಾದ ಮೇಲೆ ಎಕ್ಸರ್‌ಸೈಜ್ ಮಾಡೋಣ, ಅದೂ ಮೊದಲು ಕುರ್ಚಿ ಮೇಲೆ ಕೂತ್ಕೊಂಡೇ ಹಿಮ್ಮಡಿ ಎತ್ತಿ ಇಳಿಸೋದು, ಆಮೇಲೆ ಅಡುಗೆಮನೆ ಕಟ್ಟೆ ಹಿಡ್ಕೊಂಡು ಎರಡೂ ಕಾಲಲ್ಲಿ. ಮೇಲಿನ ಹಾಕಿ ಹುಡುಗನ ವೇಗದಲ್ಲಿ ಬೇಡ, ನೀವು ಒಂದೊಂದು ಹಂತಕ್ಕೂ ಅದರ ಎರಡರಷ್ಟು ಟೈಮ್ ತಗೊಳ್ಳಿ. ಶುಗರ್ ಇರೋರಲ್ಲಿ ಟೆಂಡನ್ ಬಿರುಸಾಗಿರತ್ತೆ, ವಾಸಿ ಆಗೋದೂ ನಿಧಾನ, ಜೊತೆಗೆ ಪಾದದಲ್ಲಿ ಸ್ಪರ್ಶ ಕಮ್ಮಿ ಆಗಿದ್ರೆ ಗಾಯ ಆಗಿದ್ದೂ ಗೊತ್ತಾಗಲ್ಲ, ಹಾಗಾಗಿ ಶೂ ಹಾಕ್ಕೊಂಡೇ ಮಾಡಿ, ರಾತ್ರಿ ಪಾದ ತಿರುಗಿಸಿ ನೋಡೋದು ಮರೀಬೇಡಿ. ರಕ್ತ ಪರೀಕ್ಷೆ ಮಾಡಿಸುವಾಗ ಕೊಲೆಸ್ಟ್ರಾಲ್ ಕೂಡ ನೋಡಿಸಿ, ಅದು ಜಾಸ್ತಿ ಇರೋರಿಗೂ ಈ ಟೆಂಡನ್ ತೊಂದರೆ ಹೆಚ್ಚು. ಮೀನಖಂಡ ಪೂರ್ತಿ ಊದಿ, ಬಿಸಿಯಾಗಿ, ಕೆಂಪಾದ್ರೆ ಮಾತ್ರ ಅದು ಬೇರೆ ವಿಷಯ, ರಕ್ತ ಹೆಪ್ಪುಗಟ್ಟಿರಬಹುದು, ಆವಾಗ ಫೋನ್ ಅಲ್ಲ, ಸೀದಾ ಆಸ್ಪತ್ರೆಗೆ ಹೋಗ್ಬೇಕು.

ಪ್ರಶ್ನೆ: ನನ್ನ ಮಗನಿಗೆ 11 ವರ್ಷ, ರಜೆಯಲ್ಲಿ ಹಾಕಿ ಕ್ಯಾಂಪಿಗೆ ಹೋಗ್ತಿದ್ದ. ಆಡಿ ಬಂದ್ರೆ ಎರಡೂ ಹಿಮ್ಮಡಿ ನೋವು ಅಂತ ಕುಂಟ್ತಾನೆ. ಅವನಿಗೂ ಬ್ಯಾಗ್ ಹಾಕಿ ಮೆಟ್ಟಿಲ ಎಕ್ಸರ್‌ಸೈಜ್ ಮಾಡಿಸ್ಬಹುದಾ?
ಮಡಿಕೇರಿ

ಉತ್ತರ: ಬೇಡಮ್ಮ. ಈ ವಯಸ್ಸಿನ ಮಕ್ಕಳಲ್ಲಿ ಹಿಮ್ಮಡಿ ನೋವು ಹೆಚ್ಚಾಗಿ ಟೆಂಡನ್ನದ್ದಲ್ಲ, ಅದು ಅಂಟೋ ಜಾಗದಲ್ಲಿ ಇನ್ನೂ ಬೆಳೀತಿರೋ ಮೂಳೆಯದ್ದು. ಎಂಟರಿಂದ ಹದಿನಾಲ್ಕರ ಮಧ್ಯೆ, ಎತ್ತರ ಬೇಗ ಬೆಳೆಯೋ ಟೈಮಲ್ಲಿ, ಆಟ ಜಾಸ್ತಿ ಆಡೋ ಮಕ್ಕಳಿಗೆ ಬರತ್ತೆ, ಬೆಳವಣಿಗೆ ಮುಗಿದ ಮೇಲೆ ತಾನಾಗೇ ಹೋಗತ್ತೆ, ಹೆದರೋದು ಬೇಡ. ಆಟ ಪೂರ್ತಿ ಬಿಡಿಸಬೇಡಿ, ಕುಂಟದೇ ಇರೋಷ್ಟು ಹೊತ್ತು ಆಡ್ಲಿ, ವಾರದಲ್ಲಿ ಎರಡು ಮೂರು ದಿನ ಬಿಡುವು ಕೊಡಿ, ಮೆತ್ತನೆ ಹಿಮ್ಮಡಿ ಪ್ಯಾಡ್ ಹಾಕಿದ ಶೂ ಕೊಡ್ಸಿ, ಆಡಿ ಬಂದ್ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ. ಒಂದೇ ಕಾಲಲ್ಲಿ ನೋವಿದ್ದು ಊತ ಇದ್ರೆ, ರಾತ್ರಿ ನಿದ್ದೆಯಿಂದ ಎಬ್ಬಿಸೋ ನೋವಿದ್ರೆ, ಜ್ವರ ಇದ್ರೆ ಮಾತ್ರ ಕಾಯದೆ ಮಕ್ಕಳ ಡಾಕ್ಟ್ರಿಗೋ ಮೂಳೆ ಡಾಕ್ಟ್ರಿಗೋ ತೋರಿಸಿ. ಕ್ಯಾಂಪಿನ ಕೋಚ್‌ಗೂ ಈ ವಿಷಯ ಹೇಳಿಡಿ, ಹುಡುಗ ಸೋಮಾರಿತನದಿಂದ ಕುಂಟ್ತಿದ್ದಾನೆ ಅಂತ ಅವರು ಅಂದ್ಕೋಬಾರದು.